ನೀರು ಕುಡಿದವರಿಗೇ ಬೀಗದ ಕೈ

ವೈಯಾಲಿಕಾವಲ್‌ನ ನಮ್ಮ ಮನೆಯ ಎರಡನೇ ಮಹಡಿಯ ಬಾಗಿಲುಗಳು ಏಳೂವರೆ ಅಡಿ ಎತ್ತರ. ಬೀದಿಯಲ್ಲಿ ಬೇರೆ ಯಾರ ಮನೆಗೂ ಅಂಥ ಬಾಗಿಲಿಲ್ಲ. ನಮ್ಮ ಪೈಕಿ ಐದೂವರೆ ಅಡಿ ದಾಟಿದವರೂ ಇಲ್ಲ. ಬಣ್ಣ ಬಳಿಯಲು ಬಂದವರು, ಕರೆಂಟಿನ ಕೆಲಸಕ್ಕೆ ಬಂದವರು ಮೇಲೆ ಹೋಗಿ ನೋಡಿ, "ಏನ್ ಮೇಡಂ, ಆನೆ ಸಾಕ್ತಿದ್ರಾ?" ಎಂದು ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ. ಆ ಬಾಗಿಲುಗಳನ್ನು ಅಪ್ಪ ಯಾರಿಗಾಗಿ ಮಾಡಿಸಿದ, ಆಮೇಲೆ ನಾನು ಅವುಗಳ ಒಳಗೆ ಯಾರನ್ನು ಕರೆತಂದೆ ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಲು ಶುರು ಮಾಡಿದಾಗಲೆಲ್ಲ ಅರ್ಧಕ್ಕೆ ನಿಲ್ಲಿಸಿ ಕಾಫಿ ತರುವ ನೆಪದಲ್ಲಿ ಎದ್ದು ಹೋಗಿದ್ದೇನೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ನಾನು ಹುಟ್ಟಿ ಬೆಳೆದದ್ದು ಓಕಳಿಪುರಂನಲ್ಲಿ, ರೈಲು ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿ. ರೈಲು ಹೋದಾಗಲೆಲ್ಲ ಅಡುಗೆಮನೆಯ ಹಲಗೆಯ ಮೇಲಿದ್ದ ಲೋಟಗಳು ಗಲಗಲ ಅನ್ನುತ್ತಿದ್ದವು. ನಾನು ಒಬ್ಬಳೇ ಮಗಳು. ಎಪ್ಪತ್ತರ ದಶಕದ ನಡುವಿನಲ್ಲಿ ಅಪ್ಪ ರಿಟೈರಾದ. ಅಷ್ಟು ಹೊತ್ತಿಗೆ ಅವನ ಹೆಸರಿನಲ್ಲಿ ಎರಡು ಸೈಟುಗಳಿದ್ದವು. ಒಂದು, ಯಾರೋ ಅವಸರಕ್ಕೆ ಮಾರಿದ ವೈಯಾಲಿಕಾವಲ್‌ನ ಚಿಕ್ಕ ಸೈಟು. ಇನ್ನೊಂದು, ನೌಕರರ ಸೊಸೈಟಿಯಿಂದ ಬಂದದ್ದು. ಊರಾಚೆ ರಾಗಿ ಹೊಲದ ನಡುವೆ ನಾಲ್ಕು ಕಲ್ಲು ನೆಟ್ಟು ಇದೇ ನಿಮ್ಮ ಸೈಟು ಎಂದು ತೋರಿಸಿದ್ದರು. ಅಪ್ಪ ಕೈಗೆ ಬಂದ ಹಣವನ್ನೆಲ್ಲ ಸುರಿದು ವೈಯಾಲಿಕಾವಲ್‌ನಲ್ಲಿ ಮನೆ ಕಟ್ಟಿಸಿದ. ಕೆಳಗೆ ನಾವು ಮೂವರು, ಮೇಲಿನ ಮಹಡಿ ಬಾಡಿಗೆಗೆ ಎಂದು ತೀರ್ಮಾನವಾಯಿತು. ಆಗ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಎರಡು ವರ್ಷವಾಗಿತ್ತು.

ನಾವು ದಲಿತರು. ಆ ಮಾತು ಆಗಿನ್ನೂ ಸಭೆಗಳಲ್ಲಿ ಮಾತ್ರ ಕೇಳಿಸುತ್ತಿತ್ತು. ಬೀದಿಯವರ ಬಾಯಲ್ಲಿ ಹಳೆಯ ಮಾತುಗಳೇ ಓಡಾಡುತ್ತಿದ್ದವು. ಗೃಹಪ್ರವೇಶದ ದಿನ ಹಾಲುಕ್ಕಿಸುವ ಮೊದಲೇ ಅಪ್ಪ ಮುಂದಿನ ಹಾಲ್‌ನ ಗೋಡೆಗೆ ಒಂದು ಚಿತ್ರ ತೂಗುಹಾಕಿದ. ನೀಲಿ ಕೋಟು, ದಪ್ಪ ಕನ್ನಡಕ, ಕೈಯಲ್ಲಿ ಪುಸ್ತಕ. ಯಾರದೆಂದು ನಾನು ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವುದೇ ಆ ಗೋಡೆ. ಓಕಳಿಪುರಂನಲ್ಲಿ ಅಕ್ಕಪಕ್ಕ ನಮ್ಮವರೇ ಇದ್ದದ್ದರಿಂದ ಆ ಚಿತ್ರ ಎಲ್ಲರ ಮನೆಯಲ್ಲೂ ಇತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲಿ ಹಾಗಾಗಲಿಲ್ಲ.

'ಮನೆ ಬಾಡಿಗೆಗಿದೆ' ಎಂದು ಅಪ್ಪ ತಾನೇ ಬರೆದು ಗೇಟಿಗೆ ಬೋರ್ಡು ಕಟ್ಟಿದ. ಜನ ಬಂದರು. ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಮೇಷ್ಟ್ರುಗಳು, ಮಲ್ಲೇಶ್ವರದ ಬಾಡಿಗೆ ಎಟುಕದೆ ಈಚೆ ಬಂದ ಸಂಸಾರಗಳು. ಅಪ್ಪ ಅವರನ್ನು ಹಾಲ್‌ನಲ್ಲಿ ಕೂರಿಸುತ್ತಿದ್ದ. ಅಮ್ಮ ಸ್ಟೀಲ್ ಲೋಟದಲ್ಲಿ ನೀರು ತರುತ್ತಿದ್ದಳು. ಅವರು ಚಿತ್ರ ನೋಡಿ, ಲೋಟ ನೋಡಿ, "ಈಗ ತಾನೇ ಕಾಫಿ ಆಯ್ತು" ಅನ್ನುತ್ತಿದ್ದರು. ಒಬ್ಬ ಹೆಂಗಸು ದಾಕ್ಷಿಣ್ಯಕ್ಕೆ ಲೋಟ ತೆಗೆದುಕೊಂಡು, ನಾವು ನೋಡುತ್ತಿಲ್ಲ ಎಂದುಕೊಂಡು ಕುರ್ಚಿಯ ಕೆಳಗೆ ಇಟ್ಟುಬಿಟ್ಟಳು. ಮಹಡಿ ಹತ್ತಿ ನೋಡುವ ಮುಂಚೆಯೇ ಅವರಿಗೆಲ್ಲ ಮನೆ ಚಿಕ್ಕದಾಗಿಬಿಡುತ್ತಿತ್ತು. ಹೇಳಿ ಕಳಿಸ್ತೀವಿ ಎಂದು ಹೋದವರು ಹೇಳಿಯೂ ಕಳಿಸಲಿಲ್ಲ, ತಾವೂ ಬರಲಿಲ್ಲ.

ಆರು ತಿಂಗಳಾದ ಮೇಲೆ ಅಮ್ಮನಿಗೆ ತಡೆಯಲಾಗಲಿಲ್ಲ. "ಆ ಫೋಟೋನ ಒಳಗಡೆ ರೂಮಲ್ಲಿ ಹಾಕಿದ್ರೆ ಏನ್ ಹೋಗುತ್ತೆ? ಅವರೇನು ಬೇಜಾರ್ ಮಾಡ್ಕೊಳಲ್ಲ" ಅಂದಳು.

ಅಪ್ಪ ಜೋರಾಗಿ ಮಾತಾಡುವವನಲ್ಲ. ಅವತ್ತು ಮಾತ್ರ ಧ್ವನಿ ಏರಿಸಿದ. "ವರ್ಕ್‌ಶಾಪಲ್ಲಿ ಎಷ್ಟೋ ವರ್ಷ ಬೇರೆ ಮಡಕೆ ನೀರು ಕುಡಿದಿದೀನಿ. ಅದು ಅವರ ಜಾಗ, ಕುಡಿದೆ. ಇದು ನನ್ ಗೋಡೆ ಕಣೇ. ಇಲ್ಲೂ ಬಚ್ಚಿಟ್ಕೋಬೇಕಾ?" ಆಮೇಲೆ ಮೇಲಿನ ಮನೆಯ ಬೀಗದ ಕೈಯನ್ನು ತಂದು ಚಿತ್ರದ ಕೆಳಗೇ ಒಂದು ಮೊಳೆ ಹೊಡೆದು ನೇತುಹಾಕಿದ. "ನಮ್ಮನೆ ನೀರು ಕುಡಿದವರಿಗೇ ಬೀಗದ ಕೈ. ಇಲ್ದಿದ್ರೆ ಖಾಲಿ ಬಿದ್ದಿರಲಿ" ಅಂದ.

ಮನೆ ಖಾಲಿ ಬಿದ್ದಿತ್ತು.

ನಮ್ಮ ಬೀದಿಯಲ್ಲಿ ಆಗ ಇನ್ನೊಂದು ಗಾಳಿ ಬೀಸುತ್ತಿತ್ತು. ಓದಲು ಬಂದ ಪರದೇಶದ ಹುಡುಗರು ಊರಿನಲ್ಲಿ ಹೆಚ್ಚಾಗುತ್ತಿದ್ದರು. ಎದುರು ಮನೆಯ ರಿಟೈರ್ಡ್ ಹೆಡ್‌ಮೇಷ್ಟ್ರು ತಮ್ಮ ಮಹಡಿಯನ್ನು ಮೂವರು ಇರಾನಿ ಹುಡುಗರಿಗೆ ಕೊಟ್ಟಿದ್ದರು. ಅದನ್ನು ನೋಡಿ ಪಕ್ಕದವರು ಮಹಡಿ ಎಬ್ಬಿಸಿದರು, ಅವರನ್ನು ನೋಡಿ ಮೂಲೆಯವರು. ಕೈಗಾಡಿಯಲ್ಲಿ ಹುಲ್ಲು ಸುತ್ತಿಕೊಂಡು ವೆಸ್ಟರ್ನ್ ಕಮೋಡು ಬರುವುದನ್ನು ಹೆಂಗಸರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಹೊಸ ಸೈಟು ಕೊಳ್ಳುವುದೋ, ಇರುವ ಮನೆಯ ಮೇಲೆ ಕಟ್ಟುವುದೋ ಎಂದು ಯೋಚಿಸುವವರೆಲ್ಲ ಮೇಷ್ಟ್ರ ಸಲಹೆ ಕೇಳಲು ಬರುತ್ತಿದ್ದರು. ಮೇಷ್ಟ್ರು ಗೇಟಿಗೆ ಒರಗಿಕೊಂಡು ಪಾಠ ಮಾಡುತ್ತಿದ್ದರು.

"ನಮ್ಮೋರಿಗೆ ಕೊಟ್ರೆ ಮನೆ ಹೋಯ್ತು ಅಂತಾನೇ ತಿಳ್ಕೊಳಿ. ಬಾಡಿಗೆ ಕಾನೂನು ಅವರ ಕಡೆಗಿದೆ. ಕೋರ್ಟಲ್ಲಿ ಕೇಸ್ ಹಾಕಿದ್ರೂ ಏಳಲ್ಲ. ಈ ಹುಡುಗರಾದ್ರೆ ಓದು ಮುಗಿದ ದಿನ ಪೆಟ್ಟಿಗೆ ಎತ್ಕೊಂಡು ಹೋಗ್ತಾರೆ. ಹೋಗೋರಿಗೇ ಕಟ್ಟಬೇಕು ಮನೇನ."

ಅವರ ಮಾತಿನಲ್ಲಿ ನಿಜವಿತ್ತು. ಆದರೆ ಎಲ್ಲ ಪರದೇಶದವರಿಗೂ ಆ ಬೀದಿಯಲ್ಲಿ ಒಂದೇ ಮರ್ಯಾದೆ ಇರಲಿಲ್ಲ. ಆಫ್ರಿಕಾ ಕಡೆಯ ಹುಡುಗರು ಬಂದರೆ ಬೋರ್ಡು ನೇತಾಡುತ್ತಿದ್ದ ಮನೆಗಳಲ್ಲೂ ಮನೆ ಖಾಲಿ ಇಲ್ಲ ಅನ್ನುತ್ತಿದ್ದರು. ಮೇಷ್ಟ್ರೂ ಹಾಗೆ ಅಂದವರೇ. ಇರಾನಿನವರಾದರೆ ನೋಡಲು ನಮ್ಮ ಹಾಗೇ ಇದ್ದಾರೆ ಎಂದು ಅವರು ಹೇಳಿದಾಗ ಅಮ್ಮ ಒಳಗೆ ಬಂದು ನಕ್ಕಿದ್ದೇ ನಕ್ಕಿದ್ದು. ಮೇಷ್ಟ್ರ ಮೈಬಣ್ಣ ನಮ್ಮ ಹಂಡೆಯ ತಳದ್ದು.

ಒಂದು ಮಧ್ಯಾಹ್ನ ಬ್ರೋಕರ್ ಒಬ್ಬ ಸುಡಾನಿನ ಹುಡುಗನನ್ನು ನಮ್ಮ ಗೇಟಿಗೆ ಬಿಟ್ಟು, ತಾನು ಬೀದಿ ಮೂಲೆಯಲ್ಲೇ ಬೀಡಿ ಹಚ್ಚಿಕೊಂಡು ನಿಂತ. ಆ ಹುಡುಗ ಬೆಳಗಿನಿಂದ ಮಲ್ಲೇಶ್ವರದಲ್ಲಿ ಮನೆಯಿಂದ ಮನೆಗೆ ತಿರುಗಿ ಎಲ್ಲೂ ಸಿಗದೆ ಬಂದಿದ್ದ. ಒಳಗೆ ಬರುವಾಗ ಬಾಗಿಲ ಮೇಲಿನ ಪಟ್ಟಿಗೆ ಅವನ ಹಣೆ ಢಬ್ ಎಂದು ಬಡಿಯಿತು. ಅಮ್ಮ ನೀರು ತಂದಳು. ಅವನು ಒಂದೇ ಗುಟುಕಿಗೆ ಕುಡಿದು, ಲೋಟ ಚಾಚಿ ಇನ್ನೊಂದು ಬೇಕೆಂದು ಸನ್ನೆ ಮಾಡಿದ.

ಅಪ್ಪನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಅಮ್ಮನ ಕೈಯಿಂದ ಲೋಟ ಕಿತ್ತುಕೊಂಡು ತಾನೇ ಹೋಗಿ ಎರಡನೇ ಲೋಟ ತುಂಬಿಸಿಕೊಂಡು ಬಂದ. ಹುಡುಗ ಅದನ್ನು ನಿಧಾನವಾಗಿ ಕುಡಿಯುತ್ತ ಚಿತ್ರದ ಕಡೆ ತಿರುಗಿ ಯಾರು ಎಂದು ಕೇಳಿದ. ಅಪ್ಪ ತನ್ನ ವರ್ಕ್‌ಶಾಪಿನ ಇಂಗ್ಲಿಷಿನಲ್ಲಿ, ನಮಗೆ ಓದು ಅಂತ ಹೇಳಿಕೊಟ್ಟವರು ಎಂದ. ಹುಡುಗ ಎದ್ದು ನಿಂತು ಎದೆಯ ಮೇಲೆ ಅಂಗೈ ಇಟ್ಟು ತಲೆ ಬಾಗಿಸಿದ. ಬಾಡಿಗೆ ಎಷ್ಟೆಂದು ಅವನು ಕೇಳುವ ಮೊದಲೇ ಅಪ್ಪ ಬೀಗದ ಕೈ ತೆಗೆದು ಅವನ ಕೈಗೆ ಹಾಕಿದ.

ಅವನ ಹಿಂದೆ ಅವನ ಊರಿನವರು ಬಂದರು. ಒಬ್ಬನಿಗೆ ಮನೆ ಸಿಕ್ಕಿತೆಂದರೆ ಹತ್ತು ಜನಕ್ಕೆ ವಿಳಾಸ ಗೊತ್ತಾಗುತ್ತಿತ್ತು. ನಾಲ್ವರು ಉಳಿದುಕೊಂಡರು, ಮಿಕ್ಕವರು ಶುಕ್ರವಾರ ಬಂದು ಹೋಗುತ್ತಿದ್ದರು. ಅವರ ಉದ್ದನೆಯ ಬಿಳಿ ನಿಲುವಂಗಿಗಳು ತಾರಸಿಯ ಹಗ್ಗದ ಮೇಲೆ ಒಣಗುತ್ತಿದ್ದವು. ಮೊದಲು ಬಂದವನು ವರ್ಷದೊಳಗೆ ನಮ್ಮ ಮಾತು ಕಲಿತ. ನಾನು ಕರೆಯುವುದನ್ನು ಕೇಳಿ ಅವನೂ ಅಪ್ಪನನ್ನು ಅಪ್ಪ ಎಂದೇ ಕರೆದ. ಅಮ್ಮ ಮಟನ್ ಸಾರು ಮಾಡಿದ ದಿನ ಮೊದಲ ಬಟ್ಟಲು ಮೇಲಕ್ಕೆ ಹೋಗುತ್ತಿತ್ತು. ಮಲ್ಲೇಶ್ವರದಲ್ಲಿ ಮನೆ ಕೊಡದವರ ವಿಷಯ ಅವನು ಹೇಳಿದಾಗ ಅಪ್ಪ ಅವನ ಬೆನ್ನು ತಟ್ಟಿ, "ನೀನೇ ವಾಸಿ ಕಣಪ್ಪ. ನಿನ್ನನ್ನ ನೋಡ್ತಿದ್ದಂಗೇ ಇಲ್ಲ ಅಂದ್ಬಿಡ್ತಾರೆ. ನಮ್ಮನ್ನ ಕೂರಿಸಿ ಎರಡು ಪ್ರಶ್ನೆ ಕೇಳಿ ಆಮೇಲೆ ಇಲ್ಲ ಅಂತಾರೆ" ಅಂದ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಒಂದು ಹಬ್ಬದ ದಿನ ಅವರು ಅಪ್ಪನನ್ನು ಊಟಕ್ಕೆ ಕರೆದರು. ನಾನೂ ಹೋಗಿದ್ದೆ. ಅವರೆಯಂಥ ದಪ್ಪ ಕಾಳು ಬೇಯಿಸಿ, ಮೇಲೆ ಎಣ್ಣೆ ಈರುಳ್ಳಿ ಹಾಕಿ, ಅಗಲವಾದ ಒಂದೇ ತಟ್ಟೆಯಲ್ಲಿ ನಡುವೆ ಇಟ್ಟಿದ್ದರು. ಅಪ್ಪ ತನ್ನ ತಟ್ಟೆಗಾಗಿ ಅತ್ತಿತ್ತ ನೋಡಿದ. ಬೇರೆ ತಟ್ಟೆ ಇರಲಿಲ್ಲ. ಅವರ ಪದ್ಧತಿಯೇ ಹಾಗೆ. ಎಲ್ಲರ ಕೈಯೂ ಒಂದೇ ತಟ್ಟೆಗೆ. ಅಪ್ಪ ಸ್ವಲ್ಪ ತಡೆದು ಕೈ ಹಾಕಿದ. ಕೆಳಗೆ ಬಂದ ಮೇಲೆ ಎಂಜಲು ಕೈಯನ್ನು ತೊಳೆಯದೆ ಬಹಳ ಹೊತ್ತು ಹಾಲ್‌ನಲ್ಲಿ ಕೂತಿದ್ದ. ಅಮ್ಮ ಚೊಂಬು ಹಿಡಿದು ನಿಂತೇ ಇದ್ದಳು.

ಮರುವಾರ ಅವನು ಊರಾಚೆಯ ಸೈಟು ಮಾರಿ ಎರಡನೇ ಮಹಡಿ ಕಟ್ಟುವುದಾಗಿ ಹೇಳಿದ. ಆ ಸೈಟು ನನಗೆಂದು ಅಮ್ಮ ಎತ್ತಿಟ್ಟದ್ದು. ಅವಳು ಎರಡು ದಿನ ಮಾತು ಬಿಟ್ಟಳು. ಮೇಷ್ಟ್ರು ಕೂಡ ಗೇಟಿನಿಂದಲೇ, "ಒಂದು ಮಹಡಿ ಸಾಕು ರೀ. ಇವರನ್ನ ನಂಬ್ಕೊಂಡು ಸೈಟ್ ಕಳ್ಕೋಬೇಡಿ" ಅಂದರು. ನಾನೂ ಕೇಳಿದೆ, "ಇವರೆಲ್ಲ ಒಂದಿನ ಹೋಗ್ತಾರಲ್ಲಪ್ಪ?"

"ಹೋದ್ರೆ ಇವರ ತಮ್ಮಂದಿರು ಬರ್ತಾರೆ" ಅಂದ ಅಪ್ಪ.

ಬೀದಿಯವರೆಲ್ಲ ಪರದೇಶದವರಿಗೆ ಮನೆ ಕಟ್ಟಿದ್ದು ಅವರು ಹೋಗುತ್ತಾರೆಂದು. ನಮ್ಮಪ್ಪ ಒಬ್ಬ ಕಟ್ಟಿದ್ದು ಅವರು ಬರುತ್ತಾರೆಂದು. ಅವನು ಮಾಡಿದ ತಪ್ಪು ಅದೊಂದೇ, ಅದನ್ನು ಅವನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆ ಸೈಟಿಗೆ ಈಗಿನ ಬೆಲೆ ಹೇಳಿ ಹೊಟ್ಟೆ ಉರಿಸಿಕೊಳ್ಳುವ ನೆಂಟರು ನಮಗೂ ಇದ್ದಾರೆ. ನನಗೆ ಆ ಉರಿ ಇಲ್ಲ. ನನ್ನ ಉರಿ ಬೇರೆ.

ಕಟ್ಟುವಾಗ ಅಪ್ಪನ ಸಂಭ್ರಮ ನೋಡಬೇಕಿತ್ತು. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಕಚೇರಿಯಿಂದ ಕಚೇರಿಗೆ ಅಲೆದು ತಂದ. ಮೊದಲು ಬಂದ ಹುಡುಗನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರ ಮೇಲೆ ಒಂದು ಗೇಣು ಬಿಟ್ಟು ಬಾಗಿಲ ಅಳತೆ ಬರೆದುಕೊಂಡ. ಅಡುಗೆ ಕಟ್ಟೆಯನ್ನು ಅವನ ಸೊಂಟಕ್ಕೆ ಸರಿಯಾಗಿ ಎತ್ತರಿಸಿದ. ಬಡಗಿ ನಕ್ಕರೆ, "ಫಿಟ್ಟಿಂಗ್ ಅಂದ್ರೆ ಹಾಕ್ಕೊಳ್ಳೋರ ಅಳತೆ ಕಣಯ್ಯ" ಎಂದು ಗದರಿದ. ಮೆಟ್ಟಿಲ ಕಂಬಿಯನ್ನು ತಾನೇ ಪೈಪು ಬಗ್ಗಿಸಿ ಕೂರಿಸಿದ. ಹುಡುಗರು ಮೊದಲ ಸಲ ಆ ಬಾಗಿಲುಗಳಲ್ಲಿ ತಲೆ ಬಗ್ಗಿಸದೆ ಒಳಗೆ ಹೋದಾಗ ಅವನು ಕೆಳಗಿನ ಮೆಟ್ಟಿಲ ಮೇಲೆ ನಿಂತು ಮೇಲೆ ನೋಡುತ್ತಿದ್ದ.

ಐದಾರು ವರ್ಷ ಚೆನ್ನಾಗಿ ನಡೆಯಿತು. ಮೊದಲ ಹುಡುಗ ಇಂಜಿನಿಯರಾಗಿ ಹೊರಟ. ಹೋಗುವ ದಿನ ನಮ್ಮ ಹಾಲ್‌ನಲ್ಲಿ ಕೂತು ಎರಡು ಲೋಟ ನೀರು ಕುಡಿದು, ಅಪ್ಪನ ಎರಡೂ ಕೈ ಹಿಡಿದುಕೊಂಡು, ತಿರುಗಿ ಬರ್ತೀನಿ ಅಪ್ಪ ಅಂದ. ಅವನ ತಮ್ಮ ಬರಲಿಲ್ಲ. ಅವರ ದೇಶದಲ್ಲಿ ಏನೇನೋ ತೊಂದರೆಯಾಗಿ ಮನೆಯಿಂದ ಹಣ ಬರುವುದು ಕಷ್ಟವಾಗಿತ್ತು. ಕೆಲವರು ಬೇರೆ ಊರಿನ ಕಾಲೇಜುಗಳಿಗೆ ಹೋದರು. ಉಳಿದವರು, ಅವರ ಮಸೀದಿಗೂ ಮಾಂಸದಂಗಡಿಗೂ ಹತ್ತಿರ ಎಂದು, ಊರಿನ ಇನ್ನೊಂದು ಮೂಲೆಗೆ ಒಬ್ಬರ ಹಿಂದೆ ಒಬ್ಬರು ಹೋಗಿ ಸೇರಿಕೊಂಡರು. ಒಬ್ಬನಿದ್ದ ಕಡೆ ಹತ್ತು ಜನ ಎಂದು ಅಪ್ಪ ನಂಬಿ ಕಟ್ಟಿದ್ದ. ಒಬ್ಬ ಹೋದ ಕಡೆಯೂ ಹತ್ತು ಜನ ಹೋಗುತ್ತಾರೆ ಎಂದು ಅವನಿಗೆ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಮೇಷ್ಟ್ರ ಮನೆಯ ಇರಾನಿ ಹುಡುಗರೂ ಹೆಚ್ಚುಕಡಿಮೆ ಅದೇ ಸಮಯಕ್ಕೆ ಹೋದರು. ಮಾರನೇ ವಾರವೇ ಅವರ ಮಹಡಿಗೆ ಇಲ್ಲಿಯದೇ ಒಂದು ಸಂಸಾರ ಬಂತು. ಕಮೋಡಿನ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಬಕೆಟ್ ಇಟ್ಟುಕೊಂಡರಂತೆ. ನೀವು ಯಾವ ಕಡೆಯೋರು ಎಂದು ಮೇಷ್ಟ್ರನ್ನು ಯಾರೂ ಕೇಳಲಿಲ್ಲ. ಅವರೂ ಪರದೇಶದವರನ್ನು ನೋಡಿಕೊಂಡೇ ಕಟ್ಟಿದ್ದು, ನಾವೂ ಹಾಗೇ ಕಟ್ಟಿದ್ದು. ಅವರಿಗೆ ಹಿಂದಕ್ಕೆ ಬರಲು ದಾರಿಯಿತ್ತು. ನಮಗೆ ಮತ್ತದೇ ಬೋರ್ಡು, ಅದೇ ಕುರ್ಚಿ, ಅದೇ "ಈಗ ತಾನೇ ಕಾಫಿ ಆಯ್ತು."

ಎರಡು ಮಹಡಿಗಳೂ ಒಂದು ವರ್ಷ ದಾಟಿ ಖಾಲಿ ಇದ್ದವು. ಅಪ್ಪ ದಿನಾ ಸಂಜೆ ಮೇಲೆ ಹೋಗಿ ಎಲ್ಲ ಕೋಣೆಗಳ ದೀಪ ಹಾಕಿ, ಪೈಪಿಗೆ ತುಕ್ಕು ಹಿಡಿಯದಿರಲೆಂದು ನಲ್ಲಿಗಳನ್ನು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಎಲ್ಲ ಆರಿಸಿ ಬರುತ್ತಿದ್ದ. ಖಾಲಿ ಮನೆಯಲ್ಲಿ ನೀರು ಸುರಿಯುವ ಸದ್ದು ಕೆಳಗೆ ಕೇಳಿಸುತ್ತಿತ್ತು. ಆ ಸದ್ದಿಗೆ ನನಗೆ ಅಳು ಬರುತ್ತಿತ್ತು, ಕೋಪವೂ ಬರುತ್ತಿತ್ತು. ಕಚೇರಿಯಲ್ಲಿ ನನ್ನ ಟೀ ಲೋಟವನ್ನು ಕಿಟಕಿಯ ಮೇಲೆ ಬೇರೆ ಇಡುತ್ತಿದ್ದರು. ಬಾಯಿ ಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ. ಅಲ್ಲಿಂದ ಮನೆಗೆ ಬಂದರೆ ಇಲ್ಲೂ ಲೋಟದ್ದೇ ಪರೀಕ್ಷೆ. ನನಗೆ ಸಾಕಾಗಿಹೋಗಿತ್ತು. ಒಂದೇ ಒಂದು ಸಲ, ನಮ್ಮ ಹಾಲ್‌ಗೆ ಬಂದವರು 'ಆಯ್ತು' ಅನ್ನಬೇಕು, ಅಷ್ಟೇ ಬೇಕಿತ್ತು ನನಗೆ.

ಬ್ರೋಕರ್ ಒಂದು ದಿನ ಗೇಟಿನಲ್ಲಿ ಸಿಕ್ಕಿ, ಚಿಕ್ಕಪೇಟೆಯ ಜವಳಿ ಅಂಗಡಿಯೊಂದರ ಮ್ಯಾನೇಜರ್ ಮನೆ ಹುಡುಕುತ್ತಿದ್ದಾರೆ, ಅವರಿಗೂ ಅವರ ತಮ್ಮನಿಗೂ ಎರಡು ಮಹಡಿಯೂ ಬೇಕು, ಯಾವತ್ತು ಕರೆತರಲಿ ಎಂದು ಕೇಳಿದ. ನಾನು ಒಂದನೇ ತಾರೀಕು ಹತ್ತು ಗಂಟೆಗೆ ಎಂದೆ. ಅಪ್ಪ ಪೆನ್ಷನ್ ತರಲು ಹೋಗುವ ದಿನ ಅದು. ಗೊತ್ತಿದ್ದೇ ಹೇಳಿದೆ. ಆ ದಿನ ಕಚೇರಿಗೆ ಅರ್ಧ ದಿನ ರಜ ಹಾಕಿದೆ.

ಅಪ್ಪ ಗೇಟು ದಾಟಿದ ಮೇಲೆ ಸ್ಟೂಲ್ ಹಾಕಿಕೊಂಡು ಚಿತ್ರವನ್ನು ಇಳಿಸಿದೆ. ಅದು ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಒಳಗಿನ ಕೋಣೆಯಲ್ಲಿ ಮಂಚದ ಪಕ್ಕ ಗೋಡೆಗೆ ಮುಖ ಮಾಡಿ ಇಟ್ಟೆ. ಅಂಗಡಿಯಿಂದ ಮೂರು ಬಾಟಲಿ ಕೂಲ್‌ಡ್ರಿಂಕ್ ತಂದೆ. ಮುಚ್ಚಳ ಹಾಕಿದ ಬಾಟಲಿಯಾದರೆ ಯಾರ ಮನೆಯ ನೀರು ಎನ್ನುವ ಪ್ರಶ್ನೆಯೇ ಏಳುವುದಿಲ್ಲವಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ನಾನು ಕೇಳ್ದಾಗ ನಿಮ್ಮಪ್ಪ ಬೈದ. ನೀನು ಕೇಳ್ದೇನೇ ಮಾಡ್ಬಿಟ್ಟೆ" ಅಂದಳು. ತಡೆಯಲಿಲ್ಲ.

ಬ್ರೋಕರ್ ಜೊತೆ ಮ್ಯಾನೇಜರೂ ಅವರ ಹೆಂಡತಿಯೂ ಬಂದರು. ನೀವು ಯಾವ ಕಡೆಯೋರು ಎಂದು ಆಕೆ ಕೇಳಿದರು. "ನಾವು ರೈಲ್ವೆಯವರು" ಅಂದೆ. ಆಕೆ ಸ್ಟ್ರಾ ಹಾಕಿಕೊಂಡು ಬಾಟಲಿ ಖಾಲಿ ಮಾಡಿದರು. ಮೇಲೆ ಹೋಗಿ ನೋಡಿ ಬಂದು ಗಾಳಿ ಬೆಳಕು ಚೆನ್ನಾಗಿದೆ, ಬಾಗಿಲು ಮಾತ್ರ ಯಾಕೋ ಎತ್ತರ ಅಂದರು. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು, "ಆಯ್ತು ಕಣಮ್ಮ" ಅಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಬೀಗದ ಕೈಯನ್ನು ಅಲ್ಲೇ ಅವರ ಕೈಗೆ ಹಾಕಿಬಿಟ್ಟೆ. ಚಿತ್ರ ಇಳಿಸಿದ್ದಕ್ಕಿಂತ ಆ ಸಂತೋಷಕ್ಕೇ ನಾನು ಹೆಚ್ಚು ನಾಚಿಕೊಳ್ಳುತ್ತೇನೆ.

ಅವರು ಹೊರಡುವಾಗ ಅಪ್ಪ ಗೇಟಿನಲ್ಲಿ ಎದುರಾದ. ಬ್ರೋಕರ್ ಪರಿಚಯ ಮಾಡಿಸಿದ. ಮ್ಯಾನೇಜರ್ ಕೈ ಮುಗಿದು, "ಮನೆ ತುಂಬಾ ಚೆನ್ನಾಗಿ ಕಟ್ಟಿಸಿದೀರಿ ಯಜಮಾನ್ರೇ" ಅಂದರು. ಅಪ್ಪ ಒಳಗೆ ಬಂದ. ಗೋಡೆಯ ಮೇಲೆ ಚಿತ್ರ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಕೆಳಗಿನ ಮೊಳೆಯಲ್ಲಿ ಬೀಗದ ಕೈ ಇರಲಿಲ್ಲ. ಮೇಜಿನ ಮೇಲೆ ಮೂರು ಖಾಲಿ ಬಾಟಲಿಗಳು ಇನ್ನೂ ಇದ್ದವು.

"ನೀರು ಕುಡಿದ್ರಾ ಅವರು?" ಎಂದು ಕೇಳಿದ.

"ಕೂಲ್‌ಡ್ರಿಂಕ್ ಕೊಟ್ಟೆ ಅಪ್ಪ."

"ಓ" ಅಂದ. ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ನನಗೆ ದಿಕ್ಕು ತೋಚದೆ ಒಳಗೆ ಓಡಿಹೋಗಿ ಚಿತ್ರ ಎತ್ತಿಕೊಂಡು ಬಂದೆ. "ಈಗ್ಲೇ ಹಾಕ್ಬಿಡ್ತೀನಪ್ಪ. ಅವರು ಒಪ್ಕೊಂಡಾಯ್ತು, ಇನ್ನೇನಂತೆ" ಎಂದೆ.

ಅಪ್ಪ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಪಂಚೆಯ ತುದಿಯಲ್ಲಿ ಗಾಜು ಒರೆಸಿದ. "ಬೇಡ ಬಿಡಮ್ಮ. ನೀನು ಏನೋ ಹೇಳಿ ಒಪ್ಸಿದೀಯ. ಈಗ ಇದನ್ನ ಹಾಕಿದ್ರೆ ಅವರ ಮುಂದೆ ನೀನು ಸುಳ್ಳಿ ಆಗ್ತೀಯ" ಎಂದು ಒಳಗಿನ ಕೋಣೆಗೆ ತೆಗೆದುಕೊಂಡು ಹೋದ. ಅಮ್ಮನ ಸೀರೆಗಳ ಬೀರು ಪಕ್ಕದಲ್ಲಿ ತಾನೇ ಮೊಳೆ ಹೊಡೆದು ಹಾಕಿದ. ಆ ಸುತ್ತಿಗೆಯ ನಾಲ್ಕು ಏಟುಗಳನ್ನು ನಾನು ಹಾಲ್‌ನಲ್ಲಿ ನಿಂತು ಕೇಳಿದೆ.

ಅಲ್ಲಿಂದ ಮುಂದೆ ಅಪ್ಪ ಮುಂದಿನ ಹಾಲ್‌ನಲ್ಲಿ ಕೂರಲಿಲ್ಲ. ಹಿತ್ತಲ ಕಡೆಯ ಓಣಿಯಿಂದ ಬರುತ್ತಿದ್ದ, ಹೋಗುತ್ತಿದ್ದ. ಪೇಪರು ಓದುವುದು ಒಳಗಿನ ಕೋಣೆಯಲ್ಲಿ, ಬೀರು ಪಕ್ಕ. ಮೊಣಕಾಲು ನೋವು, ಮುಂದಿನ ಮೆಟ್ಟಿಲು ಹತ್ತಲಾಗುವುದಿಲ್ಲ ಅನ್ನುತ್ತಿದ್ದ. ಮುಂದೆ ಇದ್ದದ್ದು ಎರಡೇ ಮೆಟ್ಟಿಲು. ಮೇಲಿನವರು ಅಪ್ಪ ಹಾಕಿದ ಪೈಪಿನಲ್ಲಿ, ಅಪ್ಪ ತುಂಬಿಸಿದ ಟ್ಯಾಂಕಿನ ನೀರನ್ನೇ ದಿನವೂ ಹಿಡಿದು ಕುಡಿದರು. ನಮ್ಮ ಲೋಟದಲ್ಲಿ ಒಂದು ದಿನವೂ ಕುಡಿಯಲಿಲ್ಲ. ನಾನು ಕೊಡಲೂ ಇಲ್ಲ. ನನ್ನ ಮೇಲೆ ಅಪ್ಪನ ಪ್ರೀತಿ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾಗಿದ್ದರೆ ನನಗೆ ಸ್ವಲ್ಪ ಉಸಿರಾಡಲಾಗುತ್ತಿತ್ತೇನೋ.

ಎರಡು ವರ್ಷವಾದ ಮೇಲೆ, ಒಂದು ಬೆಳಗ್ಗೆ ಪೇಪರು ಎದೆಯ ಮೇಲಿದ್ದ ಹಾಗೇ ಅಪ್ಪ ಹೋಗಿಬಿಟ್ಟ. ವರ್ಕ್‌ಶಾಪಿನ ಹಳೆಯ ಗೆಳೆಯರು ಬಂದು, ಯಾರನ್ನೂ ಕೇಳದೆ, ಚಿತ್ರವನ್ನು ಹೊರಗೆ ತಂದು ಹಾಲ್‌ನಲ್ಲಿ ಅವನ ತಲೆಯ ಬಳಿ ಇಟ್ಟರು. ಮೇಲಿನ ಎರಡು ಮನೆಯವರೂ ಬಂದು ನಿಂತು ನೋಡಿದರು. ಆ ಸಂಜೆ ಅದನ್ನು ನಾನು ಹಳೆಯ ಮೊಳೆಗೇ ಹಾಕಿದೆ. ಇನ್ನು ಇವರು ಮನೆ ಬಿಡುತ್ತಾರೆ, ಬಿಟ್ಟರೆ ಬಿಡಲಿ ಅಂದುಕೊಂಡೆ. ಅವರು ಬಿಡಲಿಲ್ಲ. ಆ ಬಾಡಿಗೆಗೆ ಬೇರೆ ಎಲ್ಲಿ ಮನೆ ಸಿಗುತ್ತದೆ? ಬೆಳಗ್ಗೆ ಹಾಲಿನ ಪಾತ್ರೆ ಹಿಡಿದುಕೊಂಡು ಚಿತ್ರವನ್ನು ನೋಡಿಕೊಂಡೇ ಮೆಟ್ಟಿಲು ಹತ್ತಿ ಹೋದರು. ಯಾರಿಗೆ ಹೆದರಿ ಎರಡು ವರ್ಷ ಅದನ್ನು ಒಳಗಿಟ್ಟೆನೋ ಅವರಿಗೆ ಅದೊಂದು ವಿಷಯವೇ ಆಗಲಿಲ್ಲ. ಇದನ್ನು ಅಪ್ಪನಿಗೆ ಹೇಳಬೇಕೆಂದು ಅನ್ನಿಸಿ, ಯಾರಿಗೆ ಹೇಳಲಿ ಎಂದು ನೆನಪಾಗಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಭಾನುವಾರ ಗೇಟಿನ ಸದ್ದಾಯಿತು. ಎತ್ತರದ ಒಬ್ಬ ಗಂಡಸು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಾಗಿಲ ಪಟ್ಟಿ ನೆನಪಿಟ್ಟುಕೊಂಡು ತಲೆ ಬಗ್ಗಿಸಿ ಒಳಗೆ ಬಂದ. ಆಗ ಗುರುತು ಸಿಕ್ಕಿತು, ಮೊದಲು ಬಂದ ಹುಡುಗ. ಕೆಲಸದ ಮೇಲೆ ಈ ದೇಶಕ್ಕೆ ಬಂದವನು, ಅಪ್ಪನನ್ನು ನೋಡಲು ಒಂದು ದಿನ ಉಳಿಸಿಕೊಂಡು ಬಂದಿದ್ದ. ವಿಷಯ ಹೇಳಿದೆ. ಅವನು ಅಪ್ಪ ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು ಪಕ್ಕದ್ದರಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಮ್ಮ ನೀರು ತಂದು ಕೊಟ್ಟಳು. ಕುಡಿದ. ಕಣ್ಣು ಒರೆಸಿಕೊಂಡು ಗೋಡೆಯ ಕಡೆ ನೋಡಿದ.

"ಅದೇ ಜಾಗ" ಅಂದ. ಇನ್ನೂ ನಮ್ಮ ಮಾತು ಮರೆತಿರಲಿಲ್ಲ. "ನಾನು ನಮ್ಮ ಊರಲ್ಲಿ ಮಕ್ಕಳಿಗೆ ಹೇಳ್ತೀನಿ. ಒಬ್ಬರು ಅಪ್ಪ ಇದ್ರು, ಯಾರು ಬಂದ್ರೂ ಆ ಫೋಟೋ ತೆಗೀಲಿಲ್ಲ ಅಂತ. ತೆಗೀಲಿಲ್ಲ ಅಲ್ವಾ, ಕೊನೇವರೆಗೂ?"

ಅಮ್ಮ ನನ್ನ ಮುಖ ನೋಡಿದಳು.

"ಇಲ್ಲ. ಅಪ್ಪ ತೆಗೀಲಿಲ್ಲ" ಎಂದೆ.

ಅವನು ತಲೆಯಾಡಿಸಿ ಖಾಲಿ ಲೋಟವನ್ನು ನನ್ನ ಕಡೆ ಚಾಚಿದ. ನಾನು ಅದನ್ನು ತೆಗೆದುಕೊಂಡು ಅಡುಗೆಮನೆಗೆ ಹೋದೆ. ನಲ್ಲಿ ತಿರುಗಿಸಿದೆ. ಲೋಟ ತುಂಬಿ ಹರಿಯುತ್ತಿತ್ತು, ನಾನು ಅದನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಕೊನೆಗೆ ಅಮ್ಮನೇ ಬಂದು ನಲ್ಲಿ ನಿಲ್ಲಿಸಿ, ನನ್ನ ಕೈಯಿಂದ ಲೋಟ ತೆಗೆದುಕೊಂಡು ಹೋಗಿ ಅವನಿಗೆ ಕೊಟ್ಟಳು.